ಹಣದಾಟಕ್ಕೆ ಕಾನೂನು ಬಂತು. ಮಗುವಿನ ಆಟ ಆರಿಸುವವರು ಯಾರು?

ಬೇಸಿಗೆ ರಜೆ ಬಂತೆಂದರೆ ಮನೆಮನೆಯಲ್ಲೂ ಒಂದೇ ತಕರಾರು. ಬಿಸಿಲಿಗೆ ಮಕ್ಕಳನ್ನು ಹೊರಗೆ ಕಳುಹಿಸುವಂತಿಲ್ಲ, ದೊಡ್ಡವರು ಕೆಲಸ ಬಿಟ್ಟು ಕೂರುವಂತಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಮಗು ಬಂದು "ಅಮ್ಮಾ, ಮೊಬೈಲ್ ಕೊಡು, ಒಂದೇ ಒಂದು ಆಟ" ಎನ್ನುತ್ತದೆ. ಕೊಟ್ಟರೆ ಮತ್ತೆ ಕೈಗೆ ಬರುವುದಿಲ್ಲ, ಕೊಡದಿದ್ದರೆ ರಂಪ. ಮಂಜೇಶ್ವರದಲ್ಲಿರಲಿ, ತಾಳವಾಡಿಯಲ್ಲಿರಲಿ, ಜತ್ತಿನಲ್ಲಿರಲಿ, ಮಡಕಶಿರಾದಲ್ಲಿರಲಿ, ಈ ಮಾತಿಗೆ ರಾಜ್ಯದ ಗಡಿ ಇಲ್ಲ.

ಇದರ ನಡುವೆ ಆನ್‌ಲೈನ್ ಆಟಗಳ ಮೇಲೆ ಕೇಂದ್ರದ ಕಾನೂನು ಬಂದಿದೆ. "ಸರ್ಕಾರವೇ ಬ್ಯಾನ್ ಮಾಡಿದೆಯಲ್ಲ, ಇನ್ನೇನು ಭಯ" ಎಂದು ನಿಮ್ಮಲ್ಲಿ ಕೆಲವರು ನಿಟ್ಟುಸಿರು ಬಿಟ್ಟಿರಬಹುದು. ಆ ನಿಟ್ಟುಸಿರು ಸ್ವಲ್ಪ ಬೇಗ ಆಯಿತು. ಕಾನೂನು ಮುಚ್ಚಿದ್ದು ಒಂದು ಬಾಗಿಲನ್ನು ಮಾತ್ರ. ನಿಮ್ಮ ಮಗು ದಿನವೂ ಆಡುವ ಆಟ ಇರುವುದು ಬೇರೆ ಬಾಗಿಲಿನ ಒಳಗೆ, ಅದು ಇನ್ನೂ ತೆರೆದೇ ಇದೆ. ಕನ್ನಡ ಮಾಧ್ಯಮದಲ್ಲಿ ಓದುವ ಗಡಿನಾಡ ಮಕ್ಕಳ ವಿಷಯದಲ್ಲಿ ಇನ್ನೊಂದು ಪ್ರಶ್ನೆಯೂ ಇದೆ. ಮಗು ಆಡುವ ಹೊತ್ತು ಯಾವ ಭಾಷೆಯಲ್ಲಿ ಕಳೆಯುತ್ತದೆ ಎಂಬುದನ್ನು ಯಾವ ಕಾನೂನೂ ಕೇಳುವುದಿಲ್ಲ. ಅದನ್ನು ಕೇಳಬೇಕಾದವರು ನೀವೇ.

ಕಾನೂನು ಹೇಳುವುದೇನು, ಹೇಳದ್ದೇನು

ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಮಸೂದೆಗೆ 2025ರ ಆಗಸ್ಟ್ 20ರಂದು ಲೋಕಸಭೆ, 21ರಂದು ರಾಜ್ಯಸಭೆ ಒಪ್ಪಿಗೆ ಕೊಟ್ಟವು. 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಇದು ಆಟಗಳನ್ನು ಮೂರು ಗುಂಪು ಮಾಡುತ್ತದೆ. ಮೊದಲನೆಯದು ಇ-ಸ್ಪೋರ್ಟ್ಸ್, ಅಂದರೆ ಸ್ಪರ್ಧೆಯಾಗಿ ಆಡುವ ಆಟ. ಎರಡನೆಯದು ಮನರಂಜನೆಗೆ, ಕಲಿಕೆಗೆ ಆಡುವ ಆನ್‌ಲೈನ್ ಸೋಶಿಯಲ್ ಗೇಮ್. ಮೂರನೆಯದು ಗೆದ್ದರೆ ಹಣ ಬರುತ್ತದೆಂದು ಹಣ ಕಟ್ಟಿ ಆಡುವ ಆನ್‌ಲೈನ್ ಮನಿ ಗೇಮ್. ನಿಷೇಧ ಇರುವುದು ಮೂರನೆಯದಕ್ಕೆ ಮಾತ್ರ. ಅದು ಅದೃಷ್ಟದ ಆಟವೋ, ಜಾಣ್ಮೆಯ ಆಟವೋ ಎಂಬ ಹಳೆಯ ವಾದಕ್ಕೆ ಇಲ್ಲಿ ಜಾಗವಿಲ್ಲ. ಅಂಥ ಆಟ ನಡೆಸಿದವರಿಗೆ ಮೂರು ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಕೊಟ್ಟವರಿಗೆ ಎರಡು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಆಡಿದವರಿಗೆ ಶಿಕ್ಷೆಯಿಲ್ಲ.

ಗಡಿಯ ಆಚೀಚೆಗೆ ಇದು ಪೂರ್ತಿ ಹೊಸದೇನೂ ಅಲ್ಲ. ತೆಲಂಗಾಣ 2017ರಲ್ಲಿ, ಆಂಧ್ರಪ್ರದೇಶ 2020ರಲ್ಲಿ ತಮ್ಮ ಜೂಜು ಕಾನೂನುಗಳನ್ನು ತಿದ್ದಿ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿದ್ದವು. ತಮಿಳುನಾಡು 2022ರಲ್ಲಿ ಪ್ರತ್ಯೇಕ ಕಾನೂನನ್ನೇ ತಂದಿತು. ಕೇರಳ 2021ರಲ್ಲಿ ಆನ್‌ಲೈನ್ ರಮ್ಮಿಗೆ ಹಾಕಿದ್ದ ತಡೆಯನ್ನು ಅದೇ ವರ್ಷ ಅಲ್ಲಿನ ಹೈಕೋರ್ಟ್ ರದ್ದು ಮಾಡಿತ್ತು. ಕರ್ನಾಟಕ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರ ಫೆಬ್ರವರಿಯಲ್ಲಿ ಕರ್ನಾಟಕ ಹೈಕೋರ್ಟ್ ರದ್ದು ಮಾಡಿತು. ಹೀಗೆ ಒಂದೊಂದು ರಾಜ್ಯದಲ್ಲಿ ಒಂದೊಂದು ನಿಯಮ ಇದ್ದುದನ್ನು ಕೇಂದ್ರದ ಕಾನೂನು ಒಂದು ದಾರಿಗೆ ತಂದಿತು.

ಆದರೆ ನಿಮ್ಮ ಆರನೇ ತರಗತಿಯ ಮಗ ರಮ್ಮಿ ಆಡುತ್ತಿರಲಿಲ್ಲ. ಅವನು ಆಡುವುದು ಬಂದೂಕಿನ ಆಟ, ರೈಲುಹಳಿಯ ಮೇಲೆ ಓಡುವ ಆಟ, ಮಿಠಾಯಿ ಜೋಡಿಸುವ ಆಟ, ಲೂಡೊ. ಇವು ಹಣ ಕಟ್ಟಿ ಹಣ ಗೆಲ್ಲುವ ಆಟಗಳಲ್ಲ, ಆದ್ದರಿಂದ ಕಾನೂನಿನ ಕಣ್ಣಿಗೆ ತಪ್ಪಲ್ಲ. ಆಟದೊಳಗಿನ ಗೊಂಬೆಗೆ ಹೊಸ ಅಂಗಿ, ಹೊಸ ಬಂದೂಕು ಎಂದು 80, 400, 800 ರೂಪಾಯಿ ಕೀಳುವುದೂ ಈ ನಿಷೇಧದೊಳಗೆ ಬರುವುದಿಲ್ಲ. ಅಲ್ಲಿ ಗೆದ್ದರೆ ಹಣ ವಾಪಸ್ ಬರುವುದಿಲ್ಲವಲ್ಲ, ಅದು ಬರೀ ಖರೀದಿ. ಕೂಲಿ ಮಾಡಿ ಬ್ಯಾಂಕಿಗೆ ಹಾಕಿದ ಹಣ ಖಾಲಿಯಾಗಲು ಅಷ್ಟು ಸಾಕು.

ಬಿಟ್ಟಿ ಆಟ ಸಂಪಾದಿಸುವುದು ಹೇಗೆ

ಪ್ಲೇ ಸ್ಟೋರಿನಲ್ಲಿರುವ ಹೆಚ್ಚಿನ ಆಟಗಳು ಉಚಿತ. ಆದರೆ ಅದನ್ನು ತಯಾರಿಸಿದ ಕಂಪನಿಗೆ ನೂರಾರು ಕೆಲಸಗಾರರ ಸಂಬಳ ಆಗಬೇಕು. ಅದು ಬರುವುದು ಎರಡು ಕಡೆಯಿಂದ. ಒಂದು, ಜಾಹೀರಾತು. ಇನ್ನೊಂದು, ಆಟದೊಳಗಿನ ಖರೀದಿ. ಎರಡಕ್ಕೂ ಬೇಕಾದದ್ದು ಒಂದೇ: ಮಗು ಹೆಚ್ಚು ಹೊತ್ತು ಆಡಬೇಕು, ನಾಳೆ ಮತ್ತೆ ಬರಬೇಕು. ಅದಕ್ಕೆ ಬೇಕಾದ ಉಪಾಯಗಳನ್ನು ಆಟದ ಒಳಗೇ ಹೆಣೆದಿರುತ್ತಾರೆ. ದಿನವೂ ಬಂದರೆ ಬಹುಮಾನ, ಒಂದು ದಿನ ತಪ್ಪಿದರೆ ನಷ್ಟ. ಜೀವ ಮುಗಿದರೆ ಅರ್ಧ ಗಂಟೆ ಕಾಯಬೇಕು, ಕಾಯಲಾರದವರು ದುಡ್ಡು ಕೊಡಬೇಕು. ಇನ್ನು ಹತ್ತೇ ನಿಮಿಷ ಆಫರ್ ಎಂದು ಓಡುವ ಗಡಿಯಾರ. ತೆರೆದರೆ ಏನು ಸಿಗುತ್ತದೆ ಎಂದು ಹೇಳದ ಅದೃಷ್ಟದ ಪೆಟ್ಟಿಗೆ. ಈ ಪೆಟ್ಟಿಗೆಗಳನ್ನು ಬೆಲ್ಜಿಯಂ ದೇಶದ ಜೂಜು ಆಯೋಗ 2018ರಲ್ಲೇ ಜೂಜು ಎಂದು ಹೇಳಿತು.

ಇದು ಬರೀ ಹಳೆಯ ತಲೆಗಳ ಅನುಮಾನವಲ್ಲ. 2022ರ ಡಿಸೆಂಬರಿನಲ್ಲಿ ಫೋರ್ಟ್‌ನೈಟ್ ಆಟದ ಕಂಪನಿ ಎಪಿಕ್ ಗೇಮ್ಸ್, ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹೂಡಿದ ಪ್ರಕರಣಗಳಲ್ಲಿ ಒಟ್ಟು 52 ಕೋಟಿ ಡಾಲರ್ ಕೊಡಲು ಒಪ್ಪಿತು. ಅದರಲ್ಲಿ 27.5 ಕೋಟಿ, ಮಕ್ಕಳ ಖಾಸಗಿ ಮಾಹಿತಿಯ ಕಾನೂನು ಮುರಿದದ್ದಕ್ಕೆ ದಂಡ. 24.5 ಕೋಟಿ, ಗೊಂದಲದ ಬಟನ್‌ಗಳಿಂದ ಖರೀದಿ ಮಾಡಿಸಿಕೊಂಡದ್ದಕ್ಕೆ ಗ್ರಾಹಕರಿಗೆ ವಾಪಸ್. ಮಕ್ಕಳು ಅಪರಿಚಿತರೊಂದಿಗೆ ಮಾತಾಡುವ ವ್ಯವಸ್ಥೆ ಮೊದಲಿನಿಂದಲೇ ಆನ್ ಆಗಿರುತ್ತಿತ್ತು ಎಂಬುದೂ ದೂರಿನಲ್ಲಿತ್ತು. ನಮ್ಮಲ್ಲೂ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ, ಗ್ರಾಹಕರನ್ನು ಯಾಮಾರಿಸುವ 13 ಬಗೆಯ ಆನ್‌ಲೈನ್ ತಂತ್ರಗಳನ್ನು ಪಟ್ಟಿ ಮಾಡಿ ತಡೆಯುವ ಮಾರ್ಗಸೂಚಿ ಹೊರಡಿಸಿದೆ. ಬೇಗ ಕೊಳ್ಳಿ ಎಂದು ಸುಳ್ಳು ಅವಸರ ಹುಟ್ಟಿಸುವುದು, ಮತ್ತೆ ಮತ್ತೆ ಕೇಳಿ ಪೀಡಿಸುವುದು ಆ ಪಟ್ಟಿಯಲ್ಲಿವೆ. ದೊಡ್ಡವರೇ ಬೀಳುವ ಈ ಬಲೆಯಲ್ಲಿ ಮಗು ಬಿದ್ದರೆ ಅದರ ತಪ್ಪಲ್ಲ. ಬೈಯುವ ಮೊದಲು ಇದನ್ನು ನೆನಪಿಡಿ.

ಗಡಿನಾಡಿನ ಮಗುವಿಗೆ ಇನ್ನೊಂದು ಬಾಬತ್ತು

ಇಲ್ಲಿಯವರೆಗಿನ ಮಾತು ಎಲ್ಲ ಪೋಷಕರಿಗೂ ಸೇರಿದ್ದು. ಇನ್ನು ಮುಂದಿನದು ವಿಶೇಷವಾಗಿ ನಿಮಗೆ.

ಬೆಂಗಳೂರು, ಹುಬ್ಬಳ್ಳಿಯ ಮಗುವಿಗೆ ಅಂಗಡಿಯಲ್ಲಿ, ಬಸ್ಸಿನಲ್ಲಿ, ಬೋರ್ಡಿನಲ್ಲಿ ಕನ್ನಡ ಹೇಗಾದರೂ ಕಿವಿಗೆ, ಕಣ್ಣಿಗೆ ಬೀಳುತ್ತದೆ. ನಿಮ್ಮ ಮಗುವಿಗೆ ಹಾಗಲ್ಲ. ಕಾಸರಗೋಡಿನಲ್ಲಿ ಬಸ್ಸಿನ ಬೋರ್ಡು ಮಲಯಾಳ, ಹೊಸೂರಿನಲ್ಲಿ ತಮಿಳು, ಅಕ್ಕಲಕೋಟೆಯಲ್ಲಿ ಮರಾಠಿ, ರಾಯದುರ್ಗದಲ್ಲಿ ತೆಲುಗು. ಶಾಲೆಯಲ್ಲೂ ರಾಜ್ಯಭಾಷೆ ಕಲಿಯುವುದು ಕಡ್ಡಾಯವಾಗಿದೆ. ತಮಿಳುನಾಡು 2006ರಲ್ಲಿ, ಕೇರಳ 2017ರಲ್ಲಿ, ತೆಲಂಗಾಣ 2018ರಲ್ಲಿ, ಮಹಾರಾಷ್ಟ್ರ 2020ರಲ್ಲಿ ಇದಕ್ಕೆ ಕಾನೂನು ಮಾಡಿವೆ. ಜೊತೆಗೆ ಇಂಗ್ಲಿಷ್ ಇದ್ದೇ ಇದೆ, ಎಷ್ಟೋ ಕಡೆ ಹಿಂದಿಯೂ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಸುವ ಸೌಕರ್ಯ ಕೊಡಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆ ವಿಧಿ ಶಾಲೆಯ ಗೇಟಿನವರೆಗೆ ಬರುತ್ತದೆ, ಫೋನಿನೊಳಗೆ ಬರುವುದಿಲ್ಲ.

ಹಾಗಾಗಿ ಮಗುವಿಗೆ ಕನ್ನಡ ಸಿಗುವ ಜಾಗ ಎರಡೇ, ಶಾಲೆ ಮತ್ತು ಮನೆ. ತುಳುವೋ ಹವ್ಯಕವೋ ಬಡಗವೋ ಮಾತಾಡುವ ಮನೆಯಾದರೆ ಅದೂ ಅರ್ಧ. ರಜೆಯಲ್ಲಿ ಶಾಲೆ ಇಲ್ಲ. ಉಳಿದ ಮನೆಯ ಹೊತ್ತಿನಲ್ಲಿ ದಿನಕ್ಕೆ ಮೂರು ಗಂಟೆ ಮಗು ಹೆಡ್‌ಫೋನ್ ಹಾಕಿಕೊಂಡು ಇಂಗ್ಲಿಷ್ ಮೆನು ಒತ್ತುತ್ತಾ, ಯಾವುದೋ ಊರಿನ ಹುಡುಗರ ಜೊತೆ ಹಿಂದಿಯಲ್ಲಿ ಕೂಗುತ್ತಾ ಕೂತರೆ, ಕನ್ನಡಕ್ಕೆ ಉಳಿಯುವುದು ಪರೀಕ್ಷೆ ಮಾತ್ರ. ಎರಡು ತಿಂಗಳು ಕಳೆದು ಜೂನಿನಲ್ಲಿ ಪಾಠ ಓದಿಸಿದಾಗ ಒತ್ತಕ್ಷರದ ಹತ್ತಿರ ತಡವರಿಸಿದರೆ ಮಾಸ್ತರರನ್ನು ದೂರಿ ಪ್ರಯೋಜನವಿಲ್ಲ.

ಇದರರ್ಥ ಬೇರೆ ಭಾಷೆ ಬೇಡವೆಂದಲ್ಲ. ನಾಲ್ಕು ಭಾಷೆಯ ನಡುವೆ ಬೆಳೆಯುವುದು ಗಡಿನಾಡ ಮಕ್ಕಳಿಗೆ ಬಂದ ಆಸ್ತಿ. ಆಟದಿಂದ ನಾಲ್ಕು ಇಂಗ್ಲಿಷ್ ಪದ ಬಂದರೆ ಒಳ್ಳೆಯದೇ. ಪ್ರಶ್ನೆ ಇರುವುದು ಲೆಕ್ಕದ್ದು. ಉಳಿದ ಭಾಷೆಗಳಿಗೆ ಹೊರಗಿನ ಇಡೀ ಊರೇ ಇದೆ, ಕನ್ನಡಕ್ಕೆ ನಿಮ್ಮ ಮನೆಯ ಹೊತ್ತು ಮಾತ್ರ ಇದೆ.

ಹಾಗಾದರೆ "ಕನ್ನಡ ಆಟ" ಎಂದು ಹುಡುಕಿ ಡೌನ್‌ಲೋಡ್ ಮಾಡಿದರೆ ಆಯಿತೇ? ಅಷ್ಟು ಸುಲಭವಿಲ್ಲ. ಹಾಗೆ ಹುಡುಕಿದರೆ ಅಕ್ಷರ ತಿದ್ದುವ, ಗಾದೆ-ಒಗಟು ಕೇಳುವ ಆ್ಯಪ್‌ಗಳು ಸಾಲಾಗಿ ಬರುತ್ತವೆ. ಅವುಗಳಲ್ಲಿ ಒಳ್ಳೆಯವೂ ಇವೆ, ಹೆಸರಿಗೆ ಮಾತ್ರ ಕನ್ನಡವಾಗಿರುವವೂ ಇವೆ. ಮಗುವಿಗೆ ಕೊಡುವ ಮೊದಲು ಹತ್ತು ನಿಮಿಷ ನೀವೇ ಆಡಿ ನೋಡಿ. ಅಕ್ಷರವನ್ನು ಶಾಲೆಯಲ್ಲಿ ಬರೆಸುವ ಕ್ರಮದಲ್ಲೇ ತಿದ್ದಿಸುತ್ತದೆಯೇ? "ಕ" ಮತ್ತು "ಖ", "ಲ" ಮತ್ತು "ಳ" ಬೇರೆ ಬೇರೆಯಾಗಿ ಕೇಳಿಸುತ್ತವೆಯೇ? ಚಿತ್ರದ ಕೆಳಗಿನ ಪದದಲ್ಲಿ ಕಾಗುಣಿತ ಸರಿ ಇದೆಯೇ? ಎರಡು ಅಕ್ಷರಕ್ಕೊಮ್ಮೆ ಜಾಹೀರಾತು ಹಾರಿ ಬರುತ್ತದೆಯೇ? ಸಂಶಯ ಬಂದರೆ ಕನ್ನಡ ಟೀಚರಿಗೆ ತೋರಿಸಿ. ತಪ್ಪು ಕನ್ನಡ ಕಲಿಸುವ ಆ್ಯಪಿಗಿಂತ ಮಾತೇ ಇಲ್ಲದ ಚಿತ್ರದ ಆಟ ಮೇಲು. ಅದರ ಮೇಲೆ ನೀವು ಕನ್ನಡದಲ್ಲಿ ಮಾತಾಡಬಹುದು.

ಆಟ ಆರಿಸಲು ಐದು ಪರೀಕ್ಷೆ

ಒಂದು, ವಯಸ್ಸಿನ ಅಂಕಿ. ಪ್ಲೇ ಸ್ಟೋರಿನಲ್ಲಿ ಪ್ರತಿ ಆಟದ ಹತ್ತಿರ 3+, 7+, 12+, 16+, 18+ ಎಂದು ಇರುತ್ತದೆ. ಅದು ಹಿಂಸೆ, ಹೆದರಿಕೆ, ಕೆಟ್ಟ ಮಾತು ಇಂಥವನ್ನು ಗಮನಿಸಿ ಕೊಟ್ಟ ಅಂಕಿ. ಆಟ ಕಷ್ಟವೋ ಸುಲಭವೋ, ಚಟ ಹಿಡಿಸುತ್ತದೋ ಇಲ್ಲವೋ ಎಂದು ಅದು ಹೇಳುವುದಿಲ್ಲ. 3+ ಎಂದಿದ್ದ ಮಾತ್ರಕ್ಕೆ ಮೂರು ವರ್ಷದ ಮಗುವಿಗೆ ತಯಾರಿಸಿದ್ದು ಎಂದಲ್ಲ. ಅಂಕಿ ನಿಮ್ಮ ಮಗುವಿನ ವಯಸ್ಸಿಗಿಂತ ಹೆಚ್ಚಿದ್ದರೆ ಬೇಡ ಎನ್ನಿ, ಕಡಿಮೆ ಇದ್ದರೆ ಮುಂದಿನ ಪರೀಕ್ಷೆಗೆ ಹೋಗಿ.

ಎರಡು, ಹೆಸರಿನ ಕೆಳಗಿನ ಸಣ್ಣ ಸಾಲು. ಜಾಹೀರಾತು ಇದೆ, ಆ್ಯಪ್ ಒಳಗೆ ಖರೀದಿ ಇದೆ ಎಂದು ಅಲ್ಲಿ ಬರೆದಿರುತ್ತದೆ. ಎರಡೂ ಇಲ್ಲದ ಆಟ ಸಿಕ್ಕರೆ ಅದಕ್ಕೆ ಮೊದಲ ಆದ್ಯತೆ. ಇಂಗ್ಲಿಷ್ ಓದಲು ಕಷ್ಟವೆನಿಸಿದರೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಭಾಷೆಯನ್ನು ಕನ್ನಡಕ್ಕೆ ಬದಲಿಸಿ. ಪ್ಲೇ ಸ್ಟೋರಿನ ಈ ಸೂಚನೆಗಳು ಕನ್ನಡದಲ್ಲೇ ಬರುತ್ತವೆ. ಮಗುವಿಗೂ ದಿನಕ್ಕೆ ಹತ್ತು ಸಲ ಕನ್ನಡ ಅಕ್ಷರ ಕಣ್ಣಿಗೆ ಬೀಳುತ್ತದೆ. ಖರ್ಚಿಲ್ಲದ ಕೆಲಸ ಇದು.

ಮೂರು, ಏರೋಪ್ಲೇನ್ ಮೋಡ್. ನೆಟ್ ಬಂದ್ ಮಾಡಿ ಆಟ ತೆರೆಯಿರಿ. ನಡೆದರೆ ಅದು ಆಫ್‌ಲೈನ್ ಆಟ. ಹಾಗೆ ಆಡಿದರೆ ಹೊಸ ಜಾಹೀರಾತು ಬರುವುದಿಲ್ಲ, ಅಪರಿಚಿತರು ಬರುವುದಿಲ್ಲ, ಡೇಟಾ ಖರ್ಚಾಗುವುದಿಲ್ಲ. ತಾಳವಾಡಿಯ ಬೆಟ್ಟದಲ್ಲಿ, ವಯನಾಡಿನ ತೋಟದಲ್ಲಿ ಸಿಗ್ನಲ್ ಸಿಗದ ಮನೆಯವರಿಗಂತೂ ಇದೇ ಅನುಕೂಲ.

ನಾಲ್ಕು, ಮಾತು. ಆಟದಲ್ಲಿ ಚಾಟ್ ಅಥವಾ ಮೈಕ್ ಇದೆಯೇ ನೋಡಿ. ಇದ್ದರೆ ಅದನ್ನು ಆಫ್ ಮಾಡಲು ಬರುತ್ತದೆಯೇ ನೋಡಿ. ಆಫ್ ಮಾಡಲಾಗದಿದ್ದರೆ 12-13 ವರ್ಷದೊಳಗಿನ ಮಗುವಿಗೆ ಆ ಆಟ ಬೇಡ. ಮೈಕ್ ಬಳಸಲು ಅನುಮತಿ ಕೇಳಿದಾಗ ಬೇಡ ಎಂದು ಒತ್ತಿದರೂ ಬಹಳಷ್ಟು ಆಟಗಳು ನಡೆಯುತ್ತವೆ.

ಐದು, ಕೊನೆ. ಆಟಕ್ಕೆ ಮುಗಿಯುವ ಜಾಗ ಇದೆಯೇ? ಚೆಸ್ ಒಂದು ಪಂದ್ಯಕ್ಕೆ ಮುಗಿಯುತ್ತದೆ, ಚಿತ್ರ ಜೋಡಿಸುವ ಆಟ ಕೊನೆಯ ತುಂಡಿಗೆ ಮುಗಿಯುತ್ತದೆ. ಸಬ್‌ವೇ ಸರ್ಫರ್ಸ್ ಥರದ ಓಟದ ಆಟ ಬಿದ್ದರೆ ಮಾತ್ರ ನಿಲ್ಲುತ್ತದೆ, ಬಿದ್ದ ತಕ್ಷಣ ಮತ್ತೆ ಶುರು. ಮುಗಿಯುವ ಆಟ ಕೊಟ್ಟರೆ "ಇದೊಂದು ಮುಗಿಸಿ ಕೊಡು" ಎಂಬ ಮಾತಿಗೆ ಬೆಲೆ ಇರುತ್ತದೆ. ಮುಗಿಯದ ಆಟ ಕೊಟ್ಟು ನಿಲ್ಲಿಸು ಎಂದರೆ ಜಗಳ ಖಚಿತ.

ಯಾವ ವಯಸ್ಸಿಗೆ ಯಾವುದು

ನರ್ಸರಿಯಿಂದ ನಾಲ್ಕನೇ ತರಗತಿಯವರೆಗಿನವರಿಗೆ ಜೀಕಾಂಪ್ರಿಸ್ ನೋಡಿ. ಎರಡರಿಂದ ಹತ್ತು ವರ್ಷದವರಿಗೆಂದು ಸ್ವಯಂಸೇವಕರು ಸೇರಿ ತಯಾರಿಸಿದ್ದು. ಎಣಿಕೆ, ಬಣ್ಣ, ನೆನಪಿನ ಶಕ್ತಿ, ಗಡಿಯಾರ ನೋಡುವುದು, ಒಗಟು ಹೀಗೆ ನೂರಕ್ಕೂ ಹೆಚ್ಚು ಚಟುವಟಿಕೆ ಅದರೊಳಗಿವೆ. ಹಣ ಕೇಳುವುದಿಲ್ಲ, ಜಾಹೀರಾತಿಲ್ಲ. ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳಲ್ಲಿ ಕೈಟ್ ಸಂಸ್ಥೆ ಹಾಕಿಕೊಟ್ಟಿರುವ ವ್ಯವಸ್ಥೆಯಲ್ಲೂ ಇದು ಇದೆ, ಆದ್ದರಿಂದ ಕಾಸರಗೋಡಿನ ಮಕ್ಕಳಿಗೆ ಇದು ಪರಿಚಿತವಾಗಿರಬಹುದು. ಸ್ಕ್ರ್ಯಾಚ್ ಜೂನಿಯರ್ ಐದರಿಂದ ಏಳು ವರ್ಷದವರಿಗೆ. ಬೆಕ್ಕು, ನಾಯಿ, ಮನೆಗಳ ಚಿತ್ರವಿಟ್ಟು ಮಕ್ಕಳೇ ಅವನ್ನು ನಡೆಸಿ ಕಥೆ ಕಟ್ಟಬಹುದು. ಅದರಲ್ಲಿ ಓದುವ ಮಾತು ತೀರಾ ಕಡಿಮೆ, ಆದ್ದರಿಂದ ಭಾಷೆ ಅಡ್ಡ ಬರುವುದಿಲ್ಲ. ಕಥೆ ಹೇಳುವ ಧ್ವನಿಯನ್ನು ಮಗುವೇ ರೆಕಾರ್ಡ್ ಮಾಡಬಹುದು. ಅಲ್ಲಿ ಕನ್ನಡ ಮಾತಾಡಿಸಿ.

ಎಂಟು ದಾಟಿದವರಿಗೆ ಚೆಸ್ ಒಳ್ಳೆಯದು. ಲಿಚೆಸ್ ಎಂಬ ಆ್ಯಪ್ ಪೂರ್ತಿ ಉಚಿತ, ಜಾಹೀರಾತಿಲ್ಲ. ನೆಟ್ ಇಲ್ಲದಾಗ ಫೋನಿನ ಜೊತೆಯೇ ಆಡಬಹುದು. ಖಾತೆ ತೆರೆದರೆ ಕಿಡ್ ಮೋಡ್ ಎಂಬುದನ್ನು ಆನ್ ಮಾಡಿ, ಯಾರೂ ಮಗುವಿಗೆ ಸಂದೇಶ ಕಳುಹಿಸುವಂತಿಲ್ಲ. ಲೂಡೊ ಆಡುವುದಾದರೆ ಒಂದೇ ಫೋನನ್ನು ಕೈಯಿಂದ ಕೈಗೆ ದಾಟಿಸಿ ಮನೆಯವರೇ ಆಡುವ ವಿಧಾನ ಆರಿಸಿ. ಹತ್ತು ದಾಟಿದವರಿಗೆ ಸ್ಕ್ರ್ಯಾಚ್ ಇದೆ. ಅದರಲ್ಲಿ ಆಟ ಆಡುವುದಲ್ಲ, ಆಟವನ್ನೇ ತಯಾರಿಸುವುದು. ಅಕ್ಕಪಕ್ಕದ ನಾಲ್ಕು ಮಕ್ಕಳು ಸೇರಿ ತಮ್ಮೂರಿನ ಜಾತ್ರೆಯ ಮೇಲೆ ಒಂದು ಆಟ ಕಟ್ಟಿದರೆ ರಜೆ ಸಾರ್ಥಕ.

ಬಂದೂಕಿನ ಆಟಗಳ ಬಗ್ಗೆ ಬಹಳ ಪೋಷಕರು ಕೇಳುತ್ತಾರೆ. ಪಬ್‌ಜಿ ಮೊಬೈಲನ್ನು 2020ರ ಸೆಪ್ಟೆಂಬರಿನಲ್ಲಿ ದೇಶದಲ್ಲಿ ನಿಷೇಧಿಸಲಾಯಿತು. ಅದೇ ಬಗೆಯ ಬಿಜಿಎಂಐ 2021ರಲ್ಲಿ ಬಂತು, 2022ರಲ್ಲಿ ತೆಗೆದುಹಾಕಲಾಯಿತು, 2023ರಲ್ಲಿ ಮತ್ತೆ ಬಂತು. ಅದರಲ್ಲಿ 18ರೊಳಗಿನವರಿಗೆ ಪೋಷಕರ ಒಪ್ಪಿಗೆ ಬೇಕು, ದಿನಕ್ಕೆ ಮೂರು ಗಂಟೆಯ ಮಿತಿ ಇದೆ ಎಂದು ಕಂಪನಿ ಹೇಳಿತ್ತು. ಆದರೆ ಮಗು ಹುಟ್ಟಿದ ವರ್ಷವನ್ನು ಸುಳ್ಳು ಹಾಕಿದರೆ ಆ ರಕ್ಷಣೆ ಕೆಲಸಕ್ಕೆ ಬರುವುದಿಲ್ಲ. ಎಷ್ಟೋ ಮನೆಗಳಲ್ಲಿ ದೊಡ್ಡವರೇ "2000 ಹಾಕು, ತೆರೆಯುತ್ತದೆ" ಎಂದು ಹೇಳಿಕೊಡುತ್ತಾರೆ. ಅದನ್ನು ಮಾಡಬೇಡಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾನೂನು 18ರೊಳಗಿನವರನ್ನು ಮಗು ಎಂದೇ ಲೆಕ್ಕ ಹಾಕಿ, ಅವರ ಮಾಹಿತಿ ಪಡೆಯಲು ಪೋಷಕರ ಒಪ್ಪಿಗೆ ಬೇಕು, ಅವರ ಮೇಲೆ ಗುರಿಯಿಟ್ಟು ಜಾಹೀರಾತು ತೋರಿಸಬಾರದು ಎನ್ನುತ್ತದೆ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು ಹಂತ ಹಂತವಾಗಿ ಜಾರಿಗೆ ಬರುತ್ತವೆ. ವಯಸ್ಸು ಸರಿಯಾಗಿ ಹಾಕಿದ ಮಗುವಿಗೆ ಮಾತ್ರ ಇದರ ಪ್ರಯೋಜನ.

ಫೋನ್ ಒಂದೇ, ಹಣವೂ ಅದರಲ್ಲೇ

ನಮ್ಮ ಹೆಚ್ಚಿನ ಮನೆಗಳಲ್ಲಿ ಮಗುವಿಗೆ ಬೇರೆ ಫೋನಿಲ್ಲ. ಆಟವೂ ಬ್ಯಾಂಕೂ ಒಂದೇ ಫೋನಿನಲ್ಲಿ. ಆದ್ದರಿಂದ ಈ ನಾಲ್ಕು ಕೆಲಸ ಇಂದೇ ಮಾಡಿ. ಪ್ಲೇ ಸ್ಟೋರಿನ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳುವಂತೆ ಇಡಿ. ಅಲ್ಲೇ ಫ್ಯಾಮಿಲಿ ವಿಭಾಗದಲ್ಲಿ ಪೇರೆಂಟಲ್ ಕಂಟ್ರೋಲ್ ಆನ್ ಮಾಡಿ ವಯಸ್ಸಿನ ಮಿತಿ ಹಾಕಿ. ಯುಪಿಐ ಪಿನ್ ಮಗುವಿಗೆ ತಿಳಿಯದಿರಲಿ. ಯುಪಿಐ ಲೈಟ್‌ನಲ್ಲಿ ಸಣ್ಣ ಮೊತ್ತಕ್ಕೆ ಪಿನ್ನನ್ನೇ ಕೇಳುವುದಿಲ್ಲ, ಫೋನ್ ಮಗುವಿನ ಕೈಗೆ ಹೋಗುವುದಾದರೆ ಅದನ್ನು ಬಂದ್ ಮಾಡಿ. ಮಗುವಿಗೆ ಪ್ರತ್ಯೇಕ ಫೋನ್ ಇದ್ದರೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಎಂಬ ಉಚಿತ ಆ್ಯಪ್ ಮೂಲಕ ಯಾವ ಆಟ ಹಾಕಿಕೊಳ್ಳಬಹುದು, ಎಷ್ಟು ಹೊತ್ತು ಆಡಬಹುದು ಎಂದು ನಿಮ್ಮ ಫೋನಿನಿಂದಲೇ ಗೊತ್ತುಮಾಡಬಹುದು.

ಆದರೂ ಹಣ ಹೋದರೆ ಕೂಡಲೇ ನೋಡಿ. ಪ್ಲೇ ಸ್ಟೋರಿನಲ್ಲಿ ಖರೀದಿಯಾದ 48 ಗಂಟೆಯೊಳಗೆ ಗೂಗಲ್‌ಗೇ ಹಣ ವಾಪಸಿಗೆ ಕೋರಿಕೆ ಸಲ್ಲಿಸಬಹುದು. ಬಹುಮಾನ ಬಂದಿದೆ, ಡೈಮಂಡ್ ಕೊಡುತ್ತೇನೆ ಎಂದು ಯಾರಾದರೂ ಲಿಂಕ್ ಕಳುಹಿಸಿ ಮೋಸ ಮಾಡಿದ್ದರೆ 1930ಕ್ಕೆ ಕರೆ ಮಾಡಿ. ಇದು ದೇಶಕ್ಕೆಲ್ಲ ಒಂದೇ ನಂಬರ್, ನೀವು ಯಾವ ರಾಜ್ಯದಲ್ಲಿದ್ದರೂ ಆಗುತ್ತದೆ.

ಎಷ್ಟು ಹೊತ್ತು, ಯಾವಾಗ ಚಿಂತೆ

ಭಾರತೀಯ ಶಿಶುವೈದ್ಯರ ಸಂಘವಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಹೇಳುವ ಲೆಕ್ಕ ಹೀಗಿದೆ: ಎರಡು ವರ್ಷದೊಳಗೆ ಪರದೆಯೇ ಬೇಡ, ಎರಡರಿಂದ ಐದರವರೆಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ, ಐದರಿಂದ ಹತ್ತರವರೆಗೆ ಎರಡು ಗಂಟೆಯೊಳಗೆ. ಇದರಲ್ಲಿ ಟಿ.ವಿ.ಯೂ ಸೇರಿತು. ಊಟದ ಹೊತ್ತು, ಮಲಗುವ ಮುಂಚಿನ ಒಂದು ಗಂಟೆ ಫೋನ್ ಬೇಡ. ಈ ನಿಯಮ ದೊಡ್ಡವರಿಗೂ ಅನ್ವಯವಾದರೆ ಮಾತ್ರ ಮಗು ಕೇಳುತ್ತದೆ.

ಆಟ ಇಷ್ಟಪಡುವುದು ರೋಗವಲ್ಲ. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯಲ್ಲಿ ಗೇಮಿಂಗ್ ತೊಂದರೆಯನ್ನು ಸೇರಿಸಿದೆ, ಆದರೆ ಅದಕ್ಕೆ ಮೂರು ಲಕ್ಷಣ ಹೇಳಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಊಟ-ನಿದ್ದೆ-ಓದಿಗಿಂತ ಆಟವೇ ಮೊದಲಾಗುವುದು, ತೊಂದರೆಯಾಗುತ್ತಿದೆ ಎಂದು ಗೊತ್ತಿದ್ದೂ ಮುಂದುವರಿಸುವುದು. ಸಾಮಾನ್ಯವಾಗಿ ಒಂದು ವರ್ಷದ ಮಟ್ಟಿಗೆ ಇವು ಕಾಣಬೇಕು. ಇಂಥ ಸೂಚನೆ ಕಂಡರೆ ಮುಚ್ಚಿಡಬೇಡಿ, ಹೊಡೆಯಬೇಡಿ. ಟೆಲಿ-ಮಾನಸ್ ಸಹಾಯವಾಣಿ 14416 ಉಚಿತ, ಹಲವು ಭಾರತೀಯ ಭಾಷೆಗಳಲ್ಲಿ ಮಾತಾಡಬಹುದು. ಕೇರಳ ಪೊಲೀಸರು ಮಕ್ಕಳ ಡಿಜಿಟಲ್ ಚಟ ಬಿಡಿಸಲು ಆರಂಭಿಸಿದ ಡಿ-ಡ್ಯಾಡ್ ಕೇಂದ್ರಗಳು ಕಣ್ಣೂರು, ಕೋಯಿಕ್ಕೋಡ್‌ಗಳಲ್ಲಿ ಇವೆ. ಹೊಸೂರು, ಮಡಕಶಿರಾ ಕಡೆಯವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಇರುವ ಶಟ್ ಕ್ಲಿನಿಕ್ ಇದೆ, ಅಲ್ಲಿ ಕನ್ನಡದಲ್ಲೇ ಹೇಳಿಕೊಳ್ಳಬಹುದು.

ಜೊತೆಗೆ ಕೂತು ಆಡಿ

ಕೊನೆಗೆ, ಎಲ್ಲಕ್ಕಿಂತ ಮುಖ್ಯವಾದದ್ದು. ಆಟ ಯಾವ ಭಾಷೆಯದ್ದಾದರೂ ಸರಿ, ದಿನಕ್ಕೆ ಇಪ್ಪತ್ತು ನಿಮಿಷ ಮಗುವಿನ ಪಕ್ಕ ಕೂತು ಆಡಿ. "ಈಗ ಯಾಕೆ ಹಾಗೆ ನಡೆಸಿದೆ?", "ಮುಂದೆ ಏನಾಗಬಹುದು?", "ಸೋತದ್ದು ಹೇಗೆ, ಅಜ್ಜಿಗೆ ಹೇಳು ನೋಡೋಣ" ಎಂದು ಕೇಳಿ. ಮಗು ಕಾರಣ ಹೇಳುತ್ತದೆ, ವಾದ ಮಾಡುತ್ತದೆ, ಲೆಕ್ಕ ಹಾಕುತ್ತದೆ, ಎಲ್ಲವೂ ಕನ್ನಡದಲ್ಲಿ. ಪರದೆ ಇಂಗ್ಲಿಷಿನದ್ದಾದರೂ ಯೋಚನೆ ಕನ್ನಡದ್ದಾಗುತ್ತದೆ. ಬೆಳಿಗ್ಗೆ ಕೆಲಸಕ್ಕೆ ಹೋಗಿ ಕತ್ತಲಾದ ಮೇಲೆ ಬರುವವರಿಗೆ ಇದು ಸುಲಭವಲ್ಲ ಎಂಬುದು ನಿಜ. ಆಗ ಅಕ್ಕನನ್ನೋ ಅಜ್ಜನನ್ನೋ ಕೂರಿಸಿ.

ಫೋನಿನಲ್ಲಿ ಆಡಿದ ಮೇಲೆ ನೆಲಕ್ಕೂ ಇಳಿಸಿ. ಲೂಡೊ ಇಷ್ಟಪಡುವ ಮಗುವಿಗೆ ಚೌಕಾಬಾರ ಕಲಿಸಿ, ಸೀಮೆಸುಣ್ಣ ಮತ್ತು ನಾಲ್ಕು ಕವಡೆ ಸಾಕು. ಕವಡೆ ಇಲ್ಲದಿದ್ದರೆ ಹುಣಸೆಬೀಜವನ್ನು ಒಂದು ಕಡೆ ಉಜ್ಜಿ ಬಳಸಬಹುದು. ಕಾಸರಗೋಡಿನ ಚೆನ್ನೆಮಣೆಯೇ ಒಳನಾಡಿನ ಅಳಗುಳಿಮಣೆ, ತಮಿಳರ ಪಲ್ಲಾಂಗುಳಿ, ತೆಲುಗರ ವಾಮನಗುಂಟಲು. ನಮ್ಮ ಹುಲಿ-ಕುರಿ ಆಟವೇ ಹೊಸೂರಿನಲ್ಲಿ ಆಡುಪುಲಿ, ಅದೋನಿಯಲ್ಲಿ ಪುಲಿ-ಮೇಕ. ಪಕ್ಕದ ಮನೆಯ ಮಗು ಬೇರೆ ಮಾಧ್ಯಮದಲ್ಲಿ ಓದುತ್ತಿದ್ದರೂ ಈ ಮಣೆಯ ಮುಂದೆ ಕೂರುತ್ತದೆ, ಎಣಿಸುವಾಗ ಇಬ್ಬರೂ ಒಬ್ಬರ ಭಾಷೆಯನ್ನು ಇನ್ನೊಬ್ಬರು ಕಲಿಯುತ್ತಾರೆ.

ಜೂನಿನಲ್ಲಿ ಶಾಲೆ ತೆರೆದಾಗ ಮೊದಲ ಪೋಷಕರ ಸಭೆಯಲ್ಲಿ ಈ ವಿಷಯವನ್ನು ನೀವೇ ಎತ್ತಿ. ಕಟ್ಟಡ, ಶಿಕ್ಷಕರ ಹುದ್ದೆ, ಪಠ್ಯಪುಸ್ತಕ ತಡವಾಗುವುದು ಇವೆಲ್ಲ ಚರ್ಚೆಗೆ ಬರುತ್ತವೆ, ಬರಲೂ ಬೇಕು. ಅದರ ಜೊತೆ, ರಜೆಯಲ್ಲಿ ಯಾರ ಮಗು ಯಾವ ಆಟ ಆಡಿತು, ಯಾವುದು ಒಳ್ಳೆಯದಿತ್ತು, ಯಾವುದು ಹಣ ಕೀಳಲು ನೋಡಿತು ಎಂದು ಹತ್ತು ನಿಮಿಷ ಹೇಳಿಕೊಳ್ಳಿ. ಕನ್ನಡ ಟೀಚರ್ ನೋಡಿ ಒಪ್ಪಿದ ಐದಾರು ಆಟಗಳ ಪಟ್ಟಿಯನ್ನು ಶಾಲೆಯ ನೋಟಿಸ್ ಬೋರ್ಡಿನಲ್ಲಿ ಹಾಕಿಸಿ. ಹಣದಾಟ ನಿಲ್ಲಿಸುವುದು ಸರ್ಕಾರದ ಕೆಲಸವಾಗಿತ್ತು. ಒಳ್ಳೆಯ ಆಟ ಹುಡುಕಿ ಕೊಡುವುದು ಮಾತ್ರ ನಮ್ಮ ಕೆಲಸ.